ಕೆಂಪು ಬೆಳಕಿನ ಟೋಪಿ, ಅಂಗಳದ ಬಿಸಿಲು

ದೊಡ್ಡಬಳ್ಳಾಪುರದ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಅಂಥ ಓಣಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮುಂದೆ ಸಣ್ಣ ಪಡಸಾಲೆ, ಹಿಂದೆ ನಾಲ್ಕು ವಿದ್ಯುತ್ ಮಗ್ಗ. ಯಜಮಾನರಿಗೆ 62 ವರ್ಷ. ಹರಿದ ರೇಷ್ಮೆ ಎಳೆಯನ್ನು ಕಣ್ಣು ಮುಚ್ಚಿಕೊಂಡೇ ಹುಡುಕಿ ಗಂಟು ಹಾಕುತ್ತಿದ್ದ ಕೈ ಅವರದು. ಈಗ ಎರಡು ವರ್ಷದಿಂದ ಆ ಕೈ ಸುಮ್ಮನೆ ತೊಡೆಯ ಮೇಲಿದ್ದಾಗಲೂ ಅದುರುತ್ತದೆ. ಹೆಬ್ಬೆರಳೂ ತೋರುಬೆರಳೂ ಯಾವುದೋ ಕಾಣದ ಗುಳಿಗೆಯನ್ನು ಉರುಳಿಸುತ್ತಿರುವಂತೆ ಒಂದಕ್ಕೊಂದು ಉಜ್ಜುತ್ತವೆ. ನಡೆದರೆ ಕಾಲು ಎಳೆಯುತ್ತದೆ. ಮಾತು ಮೆತ್ತಗಾಗಿದೆ. ಮೊಮ್ಮಗಳು ಏನು ತಮಾಷೆ ಮಾಡಿದರೂ ಮುಖದಲ್ಲಿ ನಗು ಮೂಡುವುದಿಲ್ಲ. 'ತಾತ ಕೋಪ ಮಾಡ್ಕೊಂಡಿದಾರೆ' ಎಂದು ಮಗು ದೂರ ಸರಿಯುತ್ತದೆ.

ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದಿದ್ದಾರೆ. ದಿನಕ್ಕೆ ನಾಲ್ಕೈದು ಸಲ ಗಡಿಯಾರ ನೋಡಿಕೊಂಡು ಮಾತ್ರೆ ನುಂಗಬೇಕು. ಹೀಗಿರುವಾಗ ಒಂದು ಸಂಜೆ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಮಗ ಮೊಬೈಲ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾನೆ.

'ಅಪ್ಪಾ, ಇಲ್ನೋಡಿ. ತಲೆ ಮೇಲೆ ಇಟ್ಕೊಳ್ಳೋ ಟೋಪಿ. ಒಳಗೆಲ್ಲಾ ಕೆಂಪು ಲೈಟು. ದಿನಾ ಅರ್ಧ ಗಂಟೆ ಇಟ್ಕೊಂಡ್ರೆ ನಡುಕ ನಿಲ್ಲುತ್ತಂತೆ.'

'ಹಾಗಾದ್ರೆ ಮಾತ್ರೆ ಬಿಡಬಹುದೇನಪ್ಪಾ?' ಎನ್ನುತ್ತಾರೆ ಅಪ್ಪ.

ಟೋಪಿಯ ಬೆಲೆ ಮಗನ ಎರಡು ತಿಂಗಳ ಸಂಬಳ. ಆದರೆ ಆ ಮನೆಯ ಮುಂದಿರುವುದು ಹಣದ ಪ್ರಶ್ನೆ ಮಾತ್ರವಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಹುಲ್ಲುಕಡ್ಡಿ ಹಿಡಿಯುವ ಅವಸರದಲ್ಲಿ ಕೈಯಲ್ಲಿದ್ದ ಹಗ್ಗವನ್ನೇ ಬಿಟ್ಟುಬಿಟ್ಟರೆ? ನೆಲಮಂಗಲದಲ್ಲಾಗಲಿ ಹೊಸಕೋಟೆಯಲ್ಲಾಗಲಿ, ಮೊಬೈಲ್ ಇರುವ ಯಾವ ಮನೆಯಲ್ಲೂ ಈ ಪ್ರಶ್ನೆ ಏಳಬಹುದು. ಆದ್ದರಿಂದ ಈ ಬೆಳಕಿನ ಚಿಕಿತ್ಸೆಯಲ್ಲಿ ಎಷ್ಟು ನಿಜ, ಎಷ್ಟು ಆಸೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಬೆಳಕೂ ಔಷಧವೇ

ಬೆಳಕಿನಿಂದ ರೋಗ ವಾಸಿಯಾಗುತ್ತದೆ ಎಂದ ತಕ್ಷಣ ನಕ್ಕುಬಿಡಬೇಕಾಗಿಲ್ಲ. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕೆ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಪ್ರಶಸ್ತಿ ಬಂತು. ಹುಟ್ಟಿದ ಮಗುವಿಗೆ ಕಾಮಾಲೆಯಾದರೆ ಇಂದು ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಇದರ ಮೂಲ ಇರುವುದು 1956ರಲ್ಲಿ, ಇಂಗ್ಲೆಂಡಿನ ರೋಚ್‌ಫೋರ್ಡ್ ಆಸ್ಪತ್ರೆಯಲ್ಲಿ. ಅಲ್ಲಿನ ದಾದಿ ಜೀನ್ ವಾರ್ಡ್ ಕೂಸುಗಳನ್ನು ಹೊರಗೆ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಮೈಯ ಹಳದಿ ಮಾಸಿ, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದದ್ದನ್ನು ಆಕೆ ವೈದ್ಯರಿಗೆ ತೋರಿಸಿದರು. ಎಳೆಯ ಮಗುವನ್ನು ಬೆಳಗಿನ ಎಳೆಬಿಸಿಲಿಗೆ ಹಿಡಿಯುವ ನಮ್ಮ ಅಜ್ಜಿಯರಿಗೆ ಈ ಮಾತು ಹೊಸದೆನಿಸಲಾರದು.

ಹೀಗೆ ಬೆಳಕು ಔಷಧವಾಗಬಲ್ಲದು. ಆದರೆ ಔಷಧವೆಂದ ಮೇಲೆ ಯಾವ ರೋಗಕ್ಕೆ, ಯಾವ ಬಣ್ಣದ್ದು, ಎಷ್ಟು ಹೊತ್ತು, ಮೈಯ ಯಾವ ಭಾಗಕ್ಕೆ ಎಂಬ ಲೆಕ್ಕ ಇರಲೇಬೇಕು. ಕಾಮಾಲೆಯ ಹಳದಿ ಇರುವುದು ಚರ್ಮದಲ್ಲಿ. ಬೆಳಕಿಗೆ ಅದು ಕೈಗೆಟಕುವ ದೂರ. ಪಾರ್ಕಿನ್ಸನ್ ಕಾಯಿಲೆ ಇರುವುದು ಎಲ್ಲಿ?

ತಲೆಯ ನಟ್ಟನಡುವೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ನಡುಗುವ ರೋಗವನ್ನು ಕುರಿತು ಸಣ್ಣ ಪುಸ್ತಕ ಬರೆದ. ಆಯುರ್ವೇದದವರು ಇದನ್ನು ಕಂಪವಾತದೊಡನೆ ಹೋಲಿಸುತ್ತಾರೆ. ಮಿದುಳಿನ ನಡುಭಾಗದಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿರಲು ಅದು ಬೇಕೇ ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಈ ಕಾಯಿಲೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿಯಾಗಿರುತ್ತದೆ. ಎಷ್ಟೋ ಮಂದಿಗೆ ನಡುಕಕ್ಕೆ ವರ್ಷಗಳ ಮೊದಲೇ ವಾಸನೆ ತಿಳಿಯದಂತಾಗಿರುತ್ತದೆ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಅದನ್ನು ನೆಗಡಿ ಎಂದು ತಳ್ಳಿಹಾಕಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇತ್ತು. ನರರೋಗ ಪೇಟೆಯವರ ಕಾಯಿಲೆ ಎಂಬ ಭಾವನೆ ಹಲವರಲ್ಲಿದೆ. ಅದು ತಪ್ಪು ಎಂದು ತೋರಿಸಿದ್ದು ಬೆಂಗಳೂರಿನದೇ ಒಂದು ಸಮೀಕ್ಷೆ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಗ್ರಾಮಾಂತರದಲ್ಲಿ 1,02,557 ಜನರ ಮನೆಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮೂರ್ಛೆ, ತಲೆನೋವು, ಲಕ್ವ ಎಲ್ಲ ಸೇರಿ ನರಸಂಬಂಧಿ ಕಾಯಿಲೆಗಳು ಪೇಟೆಯಲ್ಲಿ ಲಕ್ಷಕ್ಕೆ 2190 ಮಂದಿಗಿದ್ದರೆ ಹಳ್ಳಿಯಲ್ಲಿ 4070 ಮಂದಿಗೆ! ಹೆಚ್ಚುಕಡಿಮೆ ಇಮ್ಮಡಿ. ರೋಗಿಗಳು ಹಳ್ಳಿಯಲ್ಲಿ, ನರತಜ್ಞರು ನಗರದಲ್ಲಿ. ದೊಡ್ಡಬಳ್ಳಾಪುರದಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪಿ, ಸಾಲಿನಲ್ಲಿ ನಿಂತು ವೈದ್ಯರನ್ನು ಕಾಣುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರದೂ ಹೋಯಿತು. ಮನೆಯಲ್ಲೇ ಕೂತು ಮಾಡಿಕೊಳ್ಳುವ ಚಿಕಿತ್ಸೆ ಏಕೆ ಮನಸ್ಸಿಗೆ ಹಿಡಿಸುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಲಿಯಿಂದ ಬಕೆಟ್ಟಿಗೆ

ಕೆಂಪು ಬೆಳಕಿನ ವಾದ ಹೀಗಿದೆ. ಪ್ರತಿ ಜೀವಕೋಶದಲ್ಲೂ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಪಾರ್ಕಿನ್ಸನ್ ರೋಗದಲ್ಲಿ ಈ ಒಲೆಗಳು ಮಂಕಾಗುತ್ತವೆ. ಕೆಂಪು ಮತ್ತು ಅದರಾಚೆಗಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಅಲ್ಲಿನ ಒಂದು ಕಿಣ್ವ ಹೀರಿಕೊಳ್ಳುತ್ತದೆ; ಆಗ ಒಲೆ ಮತ್ತೆ ಚುರುಕಾಗುತ್ತದೆ. ಸಾಮಾನ್ಯವಾಗಿ ಬಳಸುವುದು 670 ಮತ್ತು 810 ನ್ಯಾನೋಮೀಟರ್ ಆಸುಪಾಸಿನ ಬೆಳಕು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜಾನ್ ಮಿತ್ರೋಫಾನಿಸ್ ಮತ್ತು ಸಂಗಡಿಗರು ಇಲಿಗಳಿಗೆ ಡೋಪಮೈನ್ ಕೋಶ ಕೊಲ್ಲುವ ವಿಷ ಕೊಟ್ಟು, ಕೆಲವಕ್ಕೆ ಮಾತ್ರ ಈ ಬೆಳಕು ಹಾಯಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೆಳಕು ಕಂಡ ಇಲಿಗಳಲ್ಲಿ ಹೆಚ್ಚು ಕೋಶಗಳು ಉಳಿದಿದ್ದವು. ಒಳ್ಳೆಯ ಸುದ್ದಿಯೇ. ಆದರೆ ಇಲಿಯ ತಲೆ ಎಷ್ಟು ದಪ್ಪ? ಮನುಷ್ಯನ ತಲೆಯಲ್ಲಿ ಆ ಕಪ್ಪು ಪಟ್ಟಿ ಇರುವುದು ಹಲವು ಸೆಂಟಿಮೀಟರ್ ಆಳದಲ್ಲಿ. ನೆತ್ತಿಯ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೂದಲು, ಚರ್ಮ, ತಲೆಬುರುಡೆಯೇ ನುಂಗಿಬಿಡುತ್ತವೆ. ಉಳಿದ ಚೂರು ಮಿದುಳಿನ ಮೇಲ್ಪದರದಲ್ಲೇ ಮುಗಿಯುತ್ತದೆ. ನೀರು ಸೇದುವ ಹಗ್ಗವೇ ಗಿಡ್ಡವಾದರೆ ಬಾವಿಯಲ್ಲಿ ನೀರಿದ್ದೂ ಏನು ಫಲ?

ಈ ತೊಡಕು ವಿಜ್ಞಾನಿಗಳಿಗೂ ಗೊತ್ತು. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ, ಮಿದುಳಿಗೆ ವಿದ್ಯುತ್ ತಂತಿ ಇಳಿಸಿ ನಡುಕ ತಡೆಯುವ ಶಸ್ತ್ರಚಿಕಿತ್ಸೆಗೆ 1987ರಲ್ಲಿ ಹೆಸರು ತಂದುಕೊಟ್ಟ ಬೆನಾಬಿಡ್ ಅವರ ತಂಡವೇ, ಬೆಳಕಿನ ಎಳೆಯನ್ನು ನೇರ ಮಿದುಳಿನೊಳಕ್ಕೆ ಇಳಿಸುವ ದಾರಿ ಹಿಡಿಯಿತು. ಕೋತಿಗಳಲ್ಲಿ ಮಾಡಿದ ಆ ಪ್ರಯೋಗದ ವರದಿ 2016ರಲ್ಲಿ ಹೊರಬಂತು. ಇನ್ನೊಂದು ಕುತೂಹಲದ ಸಂಗತಿಯೂ ಇದೆ. 2014ರ ಒಂದು ವರದಿಯಂತೆ, ಇಲಿಯ ತಲೆಗೆ ಲೋಹದ ಹಾಳೆ ಸುತ್ತಿ ಮೈಗೆ ಮಾತ್ರ ಬೆಳಕು ಬಿಟ್ಟಾಗಲೂ ಮಿದುಳಿನ ಕೋಶಗಳಿಗೆ ಸ್ವಲ್ಪ ರಕ್ಷಣೆ ಸಿಕ್ಕಿತು. ಅಂದರೆ ರಕ್ತದ ಮೂಲಕ ಮತ್ತೇನೋ ಸಂದೇಶ ಹೋಗುತ್ತಿರಬಹುದು. ಬಾಗಿಲು ಪೂರ್ತಿ ಮುಚ್ಚಿಲ್ಲ.

ಇಷ್ಟರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಕೆಲವರು ಕಾಯಲು ಒಪ್ಪಲಿಲ್ಲ. ಬಕೆಟ್ಟಿನ ಒಳಮೈಗೆ ಎಲ್‌ಇಡಿ ದೀಪದ ಪಟ್ಟಿ ಅಂಟಿಸಿ, ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕೂರತೊಡಗಿದರು! ಇಂಥ ಆರು ಮಂದಿಯ ಅನುಭವ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೂ ಬಂತು. ಹಲವು ಲಕ್ಷಣಗಳು ಸುಧಾರಿಸಿದವು ಎಂದಿತು ವರದಿ. ಆದರೆ ಹೋಲಿಸಿ ನೋಡಲು ಬೆಳಕಿಲ್ಲದ ಬಕೆಟ್ಟಿನವರು ಯಾರೂ ಇರಲಿಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲೇ 12 ಮಂದಿಯ ಮೇಲೆ ನಡೆದ ಪ್ರಯೋಗದಲ್ಲೂ ನಡಿಗೆ, ಸಮತೋಲನ ಉತ್ತಮಗೊಂಡವು. 2023ರಲ್ಲಿ 40 ಮಂದಿಗೆ ಮನೆಯಲ್ಲೇ 12 ವಾರ ಹೆಲ್ಮೆಟ್ ತೊಡಿಸಿದರು; ಈ ಸಲ ಅರ್ಧ ಮಂದಿಗೆ ಕೊಟ್ಟದ್ದು ಹುಸಿ ಹೆಲ್ಮೆಟ್. ಹೆಲ್ಮೆಟ್ಟಿನಿಂದ ದೊಡ್ಡ ಅಪಾಯವೇನೂ ಕಾಣಲಿಲ್ಲ, ಮನೆಯಲ್ಲಿ ಬಳಸುವುದು ಸಾಧ್ಯ ಎಂಬುದು ತಿಳಿಯಿತು. ಜೊತೆಗೆ ಇನ್ನೊಂದೂ ತಿಳಿಯಿತು: ಹುಸಿ ಹೆಲ್ಮೆಟ್ ತೊಟ್ಟವರೂ ಚೇತರಿಸಿಕೊಂಡಿದ್ದರು.

ನಂಬಿಕೆಯ ಡೋಪಮೈನ್

ಹುಸಿ ಹೆಲ್ಮೆಟ್ಟಿನಿಂದ ಚೇತರಿಕೆ ಹೇಗೆ? ಅವರು ಸುಳ್ಳು ಹೇಳಿದರೆ? ಇಲ್ಲ. ಪಾರ್ಕಿನ್ಸನ್ ಕಾಯಿಲೆಯ ವಿಚಿತ್ರವೇ ಇಲ್ಲಿದೆ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನ ವೈದ್ಯರು ರೋಗಿಗಳಿಗೆ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಮಿದುಳಿನ ಚಿತ್ರ ತೆಗೆದು ನೋಡಿದರು. ಔಷಧ ಸಿಗುತ್ತದೆ ಎಂಬ ನಿರೀಕ್ಷೆಯಿಂದಲೇ ಮಿದುಳು ತನ್ನಲ್ಲಿ ಉಳಿದಿದ್ದ ಡೋಪಮೈನನ್ನು ಹೊರಬಿಟ್ಟಿತ್ತು! ಬೇರೆ ಕಾಯಿಲೆಯಲ್ಲಿ ನಂಬಿಕೆ ಮನಸ್ಸಿಗೆ ಸಮಾಧಾನ ಕೊಟ್ಟರೆ, ಈ ಕಾಯಿಲೆಯಲ್ಲಿ ಅದು ಕೊರತೆಯಾದ ರಾಸಾಯನಿಕವನ್ನೇ ಕೊಡುತ್ತದೆ, ಸ್ವಲ್ಪ ಹೊತ್ತಿಗೆ.

ಇನ್ನೂ ಒಂದು ಸ್ವಾರಸ್ಯ ಕೇಳಿ. 2015ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ 12 ರೋಗಿಗಳಿಗೆ ಎರಡು ಚುಚ್ಚುಮದ್ದು ಕೊಟ್ಟರು. ಒಂದರ ಬೆಲೆ 100 ಡಾಲರ್, ಇನ್ನೊಂದರದು 1500 ಡಾಲರ್ ಎಂದರು. ಎರಡರಲ್ಲೂ ಇದ್ದದ್ದು ಅದೇ ಉಪ್ಪುನೀರು. ಆದರೂ 'ದುಬಾರಿ' ಮದ್ದಿನಿಂದ ಕೈಕಾಲು ಹೆಚ್ಚು ಸಡಿಲಗೊಂಡವು. ಎರಡು ತಿಂಗಳ ಸಂಬಳ ಸುರಿದು ಕೊಂಡ ಟೋಪಿ ಮೊದಲ ವಾರ ಚೆನ್ನಾಗಿ ಕೆಲಸ ಮಾಡಿದರೆ ಆಶ್ಚರ್ಯವೇನು? ಮೊಬೈಲಿನಲ್ಲಿ ಎದ್ದು ನಡೆದು ತೋರಿಸುವವರು ಸುಳ್ಳುಗಾರರೇ ಆಗಬೇಕಾಗಿಲ್ಲ. ಆದರೆ ಆರು ತಿಂಗಳ ನಂತರ ಅವರು ಹೇಗಿದ್ದಾರೆ ಎಂದು ಯಾರೂ ಚಿತ್ರ ಹಿಡಿಯುವುದಿಲ್ಲ.

ಬಿಟ್ಟಿ ಬೆಳಕು

ಹಾಗಾದರೆ ಪಾರ್ಕಿನ್ಸನ್ ರೋಗಿಗೆ ಬೆಳಕಿನಿಂದ ಪ್ರಯೋಜನವೇ ಇಲ್ಲವೆ? ಇದೆ. ಅದು ನೆತ್ತಿಯ ಮೂಲಕವಲ್ಲ, ಕಣ್ಣಿನ ಮೂಲಕ. ಈ ಕಾಯಿಲೆಯಲ್ಲಿ ನಡುಕದಷ್ಟೇ ಕಾಡುವುದು ಕೆಟ್ಟ ನಿದ್ದೆ. ರಾತ್ರಿ ಎಚ್ಚರ, ಹಗಲು ತೂಕಡಿಕೆ. ಮಿದುಳಿನೊಳಗಿನ ದಿನಚರಿಯ ಗಡಿಯಾರ ಹದ ತಪ್ಪಿರುತ್ತದೆ. ಅದಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಹಗಲ ಬೆಳಕು. ಅಮೆರಿಕದಲ್ಲಿ ಡಾ. ಅಲೆಕ್ಸಾಂಡರ್ ವಿಡೆನೊವಿಚ್ ನೇತೃತ್ವದಲ್ಲಿ 31 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಎರಡು ಸಲ ಒಂದೊಂದು ಗಂಟೆ 10,000 ಲಕ್ಸ್ ಪ್ರಖರತೆಯ ಬಿಳಿ ಬೆಳಕಿನೆದುರು ಕೂತವರ ಹಗಲ ತೂಕಡಿಕೆ ಎರಡೇ ವಾರದಲ್ಲಿ ಚೆನ್ನಾಗಿ ತಗ್ಗಿತು. ತಮಾಷೆಯೆಂದರೆ, ಹೋಲಿಕೆಗಾಗಿ ಅಲ್ಲಿ ಹುಸಿ ಚಿಕಿತ್ಸೆಯಾಗಿ ಬಳಸಿದ್ದು ಮಂದವಾದ ಕೆಂಪು ಬೆಳಕನ್ನು!

10,000 ಲಕ್ಸ್ ದೀಪಕ್ಕೆ ಅಲ್ಲಿ ಪೆಟ್ಟಿಗೆ ಕೊಳ್ಳಬೇಕು. ನೆಲದ ಮೇಲೆ ಹಿಮ ಬೀಳುವ, ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಊರುಗಳಿಗೆ ಅದು ಸರಿ. ನಮ್ಮ ಬಯಲುಸೀಮೆಯ ಬಿರುಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಹೊಂಗೆಯ ನೆರಳಲ್ಲಿ ಕೂತರೂ ಕೆಲವು ಸಾವಿರ ಲಕ್ಸ್ ಸಿಗುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಮಾತ್ರ. ಕಿಟಕಿ ಕಡಿಮೆ ಇರುವ ಮಗ್ಗದ ಮನೆಯಲ್ಲಿ ಹಗಲೆಲ್ಲ ಕಳೆದವರು ಬಿಸಿಲಿನ ನಾಡಿನಲ್ಲಿದ್ದೂ ಕತ್ತಲೆಯಲ್ಲಿ ಬದುಕಿದವರೇ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಅಂಗಳಕ್ಕೋ ಮಾಳಿಗೆಗೋ ಬಂದು ಕೂತರೆ, ಇನ್ನೂ ಒಳ್ಳೆಯದೆಂದರೆ ಯಾರದಾದರೂ ಜೊತೆಯಲ್ಲಿ ಕೆರೆ ಏರಿಯ ಮೇಲೆ ನಡೆದರೆ, ಬೆಳಕೂ ಸಿಕ್ಕಿತು, ವ್ಯಾಯಾಮವೂ ಆಯಿತು. ಈ ಕಾಯಿಲೆಯಲ್ಲಿ ಕೈಕಾಲು ಆಡುವಂತೆ ಇಡುವುದಕ್ಕೆ ವ್ಯಾಯಾಮದಷ್ಟು ಸಹಾಯ ಮಾಡುವ ಮನೆಮದ್ದು ಮತ್ತೊಂದಿಲ್ಲ. ಸೂರ್ಯನನ್ನೇ ನೇರ ದಿಟ್ಟಿಸಬಾರದು, ಅಷ್ಟೆ.

ಟೋಪಿ ಕೊಳ್ಳುವುದೇ ಆದರೆ

ಇಷ್ಟೆಲ್ಲ ಕೇಳಿಯೂ 'ನೋಡೇಬಿಡೋಣ' ಎನ್ನುವವರಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಕೆಲವು ಮಾತು ನೆನಪಿನಲ್ಲಿರಲಿ.

ಮೊದಲನೆಯದು, ಮಾತ್ರೆ ಬಿಡಬಾರದು. ಲೆವೊಡೋಪ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರದಂತೆ ಸೆಟೆದು, ಜ್ವರವೇರಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಮಾತ್ರೆ ಹೆಚ್ಚಿಸುವುದು, ಇಳಿಸುವುದು ವೈದ್ಯರ ಕೆಲಸ. ಹಾಗೆಯೇ ನಸುಗುನ್ನಿ ಬೀಜದ ಪುಡಿ ತೆಗೆದುಕೊಳ್ಳುವವರೂ ಅದನ್ನು ವೈದ್ಯರಿಗೆ ಹೇಳಬೇಕು. ಆ ಬೀಜದಲ್ಲಿರುವುದೂ ಲೆವೊಡೋಪವೇ. ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಮಾತ್ರೆಯೂ ಪುಡಿಯೂ ಸೇರಿದರೆ ಪ್ರಮಾಣ ಮೀರುತ್ತದೆ.

ಎರಡನೆಯದು ಕಣ್ಣು. ಇನ್‌ಫ್ರಾರೆಡ್ ಬೆಳಕು ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ದೀಪವನ್ನು ಕಣ್ಣಿನ ಕಡೆ ತಿರುಗಿಸಬಾರದು. ಮಿಣುಕುವ ಬೆಳಕಿನ ಸಾಧನಗಳನ್ನು ಮೂರ್ಛೆರೋಗ ಇರುವವರು ಮುಟ್ಟಲೇಬಾರದು. ಬಿಸಿಲಿಗೆ ಚರ್ಮ ಉರಿಯುವಂತೆ ಮಾಡುವ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲು ಕೇಳಿಕೊಳ್ಳಬೇಕು.

ಮೂರನೆಯದು, ಬಕೆಟ್ಟಿಗೆ ದೀಪ ಅಂಟಿಸುವ ಸಾಹಸ ಬೇಡ. ಕರೆಂಟು ಒಮ್ಮೆ ಏರಿ ಒಮ್ಮೆ ಇಳಿಯುವ ಊರಿನಲ್ಲಿ, ನಡುಗುವ ಕೈಯ ಮನುಷ್ಯ, ತಲೆಯ ಮೇಲೆ ವೈರು. ಹೆಚ್ಚು ಹೇಳಬೇಕಾಗಿಲ್ಲ.

ನಾಲ್ಕನೆಯದು ಲೆಕ್ಕ. ನೇಕಾರನಿಗೆ ಅಳತೆಗೋಲು ಕೈಯಲ್ಲೇ ಇದೆ. ದಿನಾ ಒಂದೇ ಹೊತ್ತಿಗೆ, ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ಐದು ನಿಮಿಷದಲ್ಲಿ ಹರಿದ ಎಳೆಗೆ ಎಷ್ಟು ಗಂಟು ಹಾಕಲು ಸಾಧ್ಯವಾಯಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಲಿ. ಟೋಪಿ ತರುವ ಮೊದಲು ಒಂದು ತಿಂಗಳು, ತಂದ ಮೇಲೆ ಮೂರು ತಿಂಗಳು, ಆಮೇಲೆ ಟೋಪಿ ಎತ್ತಿಟ್ಟು ಮತ್ತೆ ಒಂದು ತಿಂಗಳು. ಈ ಕಾಯಿಲೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಆದ್ದರಿಂದ ನೆನಪನ್ನು ನಂಬಬಾರದು, ಅಂಕಿಯನ್ನು ನಂಬಬೇಕು. ಆ ಹಾಳೆಯನ್ನು ಮುಂದಿನ ಸಲ ವೈದ್ಯರಿಗೆ ತೋರಿಸಿದರೆ, ಟೋಪಿಯಿಂದ ಏನೂ ಆಗದಿದ್ದರೂ ಮಾತ್ರೆಯ ಹೊತ್ತು ಸರಿಪಡಿಸಲಾದರೂ ಅದು ಉಪಯೋಗಕ್ಕೆ ಬರುತ್ತದೆ. ಎಷ್ಟೋ ಸಲ ದೋಷ ಮಾತ್ರೆಯದಲ್ಲ, ಹೊತ್ತಿನದು. ಬೇಳೆಕಾಳಿನ ಗಟ್ಟಿ ಸಾರು, ಮಾಂಸ, ಹಾಲಿನೊಡನೆ ನುಂಗಿದ ಲೆವೊಡೋಪ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬಹುದೇ ಎಂದು ವೈದ್ಯರನ್ನು ಒಂದು ಮಾತು ಕೇಳಿದರೆ, ದುಡ್ಡು ಖರ್ಚಿಲ್ಲದೆ ಕೈ ಸಡಿಲವಾಗಬಹುದು.

ನಗರಕ್ಕೆ ಓಡಾಡುವ ಕಷ್ಟವನ್ನು ಇಳಿಸಲು ಸರ್ಕಾರವೂ ಹೆಜ್ಜೆ ಇಟ್ಟಿದೆ. ರಾಜ್ಯ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮ ಆರಂಭಿಸಿದವು. ತಾಲ್ಲೂಕು ಮಟ್ಟದ ವೈದ್ಯರಿಗೂ ನರರೋಗ ಗುರುತಿಸುವ ತರಬೇತಿ ಸಿಗಬೇಕೆಂಬುದು ಅದರ ಉದ್ದೇಶ. ಟೋಪಿಗಿಂತ ಮೊದಲು ಹಳ್ಳಿಗೆ ತಲುಪಬೇಕಾದದ್ದು ಇದು.

ಈಗ ಆ ಪಡಸಾಲೆಗೆ ಹಿಂದಿರುಗಿದರೆ, ಮಗ ಮಾಡಬಹುದಾದ ಒಂದು ಕೆಲಸವಿದೆ. ಟೋಪಿಗೆಂದು ಎತ್ತಿಟ್ಟ ಹಣ ಸದ್ಯಕ್ಕೆ ಡಬ್ಬಿಯಲ್ಲೇ ಇರಲಿ. ನಾಳೆ ಬೆಳಿಗ್ಗೆ, ಡ್ಯೂಟಿಗೆ ಹೊರಡುವ ಮುನ್ನ ಅರ್ಧ ಗಂಟೆ, ಅಪ್ಪನ ತೋಳು ಹಿಡಿದು ಓಣಿಯ ತುದಿಯವರೆಗೆ ಬಿಸಿಲಿನಲ್ಲಿ ನಡೆಸಲಿ. ಮೊಮ್ಮಗಳೂ ಜೊತೆಗೆ ಬರಲಿ. ತಾತನ ಮುಖ ನಗದಿರುವುದು ಕೋಪದಿಂದಲ್ಲ, ಕಾಯಿಲೆಯಿಂದ ಎಂದು ದಾರಿಯಲ್ಲಿ ಅವಳಿಗೆ ಹೇಳಲಿ. ಆ ಮಾತು ಗೊತ್ತಾದರೆ ಮಗು ಮತ್ತೆ ತಾತನ ಮಡಿಲಿಗೆ ಬರುತ್ತದೆ. ಅದಕ್ಕೆ ಯಾವ ಪ್ರಯೋಗಶಾಲೆಯ ಸಾಕ್ಷಿಯೂ ಬೇಕಾಗಿಲ್ಲ.